ಕ್ರೂಸ್ ರಜೆ: ಬಂದರಿಗಿಂತ ಕಡಲು ಮುಖ್ಯವೆನಿಸಿದವರಿಗೆ

ಕ್ರೂಸ್ ಹಡಗಿನಲ್ಲಿ ರಜೆ ಕಳೆಯುವುದು ಒಳ್ಳೆಯದೇ ಎಂದು ಯಾರಾದರೂ ಕೇಳಿದರೆ, ಉತ್ತರ ಕೊಡುವ ಮೊದಲು ನಾನು ಅವರನ್ನು ಒಂದು ಮಾತು ಕೇಳುತ್ತೇನೆ: ಬೇರೇನೂ ಮಾಡದೆ ಇಡೀ ಒಂದು ಹಗಲು ಸಮುದ್ರವನ್ನು ನೋಡುತ್ತಾ ಕೂರುವುದು ನಿಮಗೆ ಹಿತವೆನಿಸುತ್ತದೆಯೇ? ಹೌದು ಎಂದವರಿಗೆ ಧೈರ್ಯವಾಗಿ ಹೊರಡಿ ಎನ್ನುತ್ತೇನೆ. ಇಲ್ಲ, ಒಂದೇ ವಾರದಲ್ಲಿ ನಾಲ್ಕೈದು ದೇಶಗಳನ್ನು ನೋಡಿ ಮುಗಿಸಬೇಕು ಎಂದವರಿಗೆ ರೈಲು, ವಿಮಾನಗಳ ದಾರಿಯನ್ನೇ ತೋರಿಸುತ್ತೇನೆ. ಜಾಹೀರಾತುಗಳು ಇದಕ್ಕೆ ತದ್ವಿರುದ್ಧವಾಗಿ ಮಾತನಾಡುತ್ತವೆ. ಅವುಗಳ ಪ್ರಕಾರ ಹಡಗೆಂಬುದು ಸುಂದರವಾದ ಊರುಗಳನ್ನು ಪೋಣಿಸುವ ದಾರ. ಹಲವು ಪ್ರಯಾಣಗಳ ನಂತರ ನನಗೆ ಮನದಟ್ಟಾಗಿರುವುದೇ ಬೇರೆ. ಕ್ರೂಸ್ ರಜೆಯ ನಿಜವಾದ ಸುಖ ಹಡಗು ಚಲಿಸುತ್ತಿರುವಾಗ ಸಿಗುತ್ತದೆ. ಅದರ ಕಿರಿಕಿರಿಗಳಲ್ಲಿ ಬಹುಪಾಲು ಹಡಗು ಬಂದರಿನಲ್ಲಿ ನಿಂತಾಗ ಶುರುವಾಗುತ್ತವೆ.

ಈ ರಜೆಯ ಹುಟ್ಟನ್ನು ನೋಡಿದರೂ ಇದು ತಿಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಟ್ಲಾಂಟಿಕ್ ದಾಟಲು ಜನ ಹಡಗು ಹತ್ತುತ್ತಿದ್ದುದು ದಡ ಸೇರುವುದಕ್ಕೆ ಬೇರೆ ದಾರಿ ಇರಲಿಲ್ಲವೆಂದು. ಚಳಿಗಾಲದಲ್ಲಿ ಪ್ರಯಾಣಿಕರು ಕಡಿಮೆಯಾಗಿ ದೊಡ್ಡ ಹಡಗುಗಳು ಸುಮ್ಮನೆ ನಿಲ್ಲಬೇಕಾಗುತ್ತಿತ್ತು. ಆಗ ಹ್ಯಾಂಬರ್ಗಿನ ಹಡಗು ಉದ್ಯಮಿ ಆಲ್ಬರ್ಟ್ ಬಾಲಿನ್, 1891ರ ಜನವರಿಯಲ್ಲಿ ‘ಆಗಸ್ಟಾ ವಿಕ್ಟೋರಿಯಾ’ ಎಂಬ ಹಡಗನ್ನು ಮೆಡಿಟರೇನಿಯನ್ ಸಮುದ್ರದತ್ತ ವಿಹಾರಕ್ಕೆಂದೇ ಕಳುಹಿಸಿದರು. 1958ರಲ್ಲಿ ಜೆಟ್ ವಿಮಾನಗಳು ಪ್ರಯಾಣಿಕರನ್ನು ಹೊತ್ತು ಅಟ್ಲಾಂಟಿಕ್ ದಾಟತೊಡಗಿದ ಮೇಲೆ ಸಾಗಣೆಯ ಕೆಲಸ ಹಡಗುಗಳ ಕೈತಪ್ಪಿತು. ವಿಹಾರವೇ ಅವುಗಳ ಮುಖ್ಯ ಕಸುಬಾಯಿತು. ಅಲ್ಲಿಂದ ಮುಂದೆ ಹಡಗುಗಳು ಬೆಳೆದ ರೀತಿ ದಂಗುಬಡಿಸುವಂಥದ್ದು. 2024ರ ಜನವರಿಯಲ್ಲಿ ಮೊದಲ ಯಾನ ಕೈಗೊಂಡ ‘ಐಕಾನ್ ಆಫ್ ದಿ ಸೀಸ್’ 365 ಮೀಟರ್ ಉದ್ದವಿದೆ, 20 ಡೆಕ್‌ಗಳನ್ನು, ಎಂದರೆ ಅಂತಸ್ತುಗಳನ್ನು, ಹೊಂದಿದೆ, ಪೂರ್ತಿ ತುಂಬಿದರೆ ಏಳು ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊರುತ್ತದೆ. ಅದರ ಗಾತ್ರ ಟೈಟಾನಿಕ್‌ನ ಐದು ಪಟ್ಟಿಗೂ ಹೆಚ್ಚು. ಇಷ್ಟು ದೊಡ್ಡ ಹಡಗಿನಲ್ಲಿ ನೀರಿನ ಜಾರುಬಂಡೆ, ಐಸ್ ಸ್ಕೇಟಿಂಗ್, ನಾಟಕಶಾಲೆ, ಅಂಗಡಿ ಸಾಲು ಎಲ್ಲವೂ ಇರುತ್ತವೆ, ಆದರೆ ಸಮುದ್ರವನ್ನು ಮಾತ್ರ ಹುಡುಕಿಕೊಂಡು ಹೋಗಬೇಕಾಗುತ್ತದೆ. ಮಕ್ಕಳಿರುವ ಕುಟುಂಬಗಳಿಗೆ ಅದು ಹಬ್ಬವೇ ಸರಿ. ನನಗೆ ಒಗ್ಗುವುದು ಸಣ್ಣ ಹಡಗು.

ಹಡಗಿನ ರಜೆ ಕೊಡುವ ಮೊದಲ ನೆಮ್ಮದಿಯೆಂದರೆ, ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿ ಬಟ್ಟೆಗಳನ್ನು ಕಪಾಟಿನಲ್ಲಿ ಜೋಡಿಸಿಟ್ಟರೆ, ಇಳಿಯುವ ಹಿಂದಿನ ರಾತ್ರಿಯವರೆಗೆ ಅದನ್ನು ಮತ್ತೆ ಮುಟ್ಟಬೇಕಾಗಿಲ್ಲ ಎಂಬುದು. ಕೇಳುವುದಕ್ಕೆ ಇದು ಸಣ್ಣ ವಿಷಯ. ಆದರೆ ಮಂಡಿನೋವಿರುವ ಹಿರಿಯರೊಂದಿಗೆ, ಎರಡು ದಿನಕ್ಕೊಂದು ಹೋಟೆಲ್ ಬದಲಿಸುತ್ತಾ, ರೈಲು ನಿಲ್ದಾಣಗಳ ಮೆಟ್ಟಿಲುಗಳಲ್ಲಿ ಸಾಮಾನು ಎತ್ತಿಳಿಸುತ್ತಾ ಓಡಾಡಿದವರಿಗೆ ಇದರ ಬೆಲೆ ಗೊತ್ತು. ಹಡಗಿನಲ್ಲಿ ಲಿಫ್ಟ್‌ಗಳಿವೆ, ಗಾಲಿಕುರ್ಚಿ ಒಳಹೋಗುವಷ್ಟು ಅಗಲದ ಬಾಗಿಲುಗಳಿರುವ ಕ್ಯಾಬಿನ್‌ಗಳಿವೆ, ಊಟದ ಕೋಣೆ ನಾಲ್ಕು ಹೆಜ್ಜೆಯಲ್ಲಿದೆ. ಅಜ್ಜಿಗೆ ಮಧ್ಯಾಹ್ನ ಮಲಗಬೇಕೆನಿಸಿದರೆ ಯಾರ ಕಾರ್ಯಕ್ರಮವೂ ಕೆಡುವುದಿಲ್ಲ; ಮೊಮ್ಮಗ ಈಜುಕೊಳದಲ್ಲಿರುತ್ತಾನೆ, ಮಗಳು ಓದುತ್ತಿರುತ್ತಾಳೆ, ಸಂಜೆ ಎಲ್ಲರೂ ಒಂದೇ ಮೇಜಿನಲ್ಲಿ ಸೇರುತ್ತಾರೆ. ಮೂರು ತಲೆಮಾರುಗಳನ್ನು ಒಟ್ಟಿಗೆ ಕರೆದೊಯ್ದು, ಯಾರನ್ನೂ ದಣಿಸದೆ ಮನೆಗೆ ತಲುಪಿಸುವ ಇನ್ನೊಂದು ಬಗೆಯ ರಜೆ ನನಗೆ ಗೊತ್ತಿಲ್ಲ.

ಎರಡನೆಯ ಸುಖ ನಡುಗಡಲಿನ ದಿನಗಳದು. ಯಾವ ಬಂದರನ್ನೂ ಮುಟ್ಟದೆ ಹಡಗು ಬೆಳಗಿನಿಂದ ರಾತ್ರಿಯವರೆಗೆ ಸಾಗುತ್ತಲೇ ಇರುವ ಈ ದಿನಗಳನ್ನು ಅನೇಕರು ನಷ್ಟದ ದಿನಗಳೆಂದು ಭಾವಿಸಿ, ಅವು ಕಡಿಮೆ ಇರುವ ಮಾರ್ಗವನ್ನೇ ಹುಡುಕುತ್ತಾರೆ. ನಾನು ಮಾಡುವುದು ಅದಕ್ಕೆ ವಿರುದ್ಧ. ಸುತ್ತಲೂ ತೆರೆದ ನಡೆದಾರಿ ಇರುವ, ಕೆಳಗಿನ ಡೆಕ್ಕಿನ ಒಂದು ಮೂಲೆಯನ್ನು ಮೊದಲ ದಿನವೇ ಗುರುತಿಸಿಟ್ಟುಕೊಳ್ಳುತ್ತೇನೆ. ಮೇಲಿನ ಡೆಕ್ಕುಗಳಲ್ಲಿ ಸಂಗೀತವೂ ಜನಸಂದಣಿಯೂ ಇರುವುದರಿಂದ ಅಲ್ಲಿ ನೀರಿನ ಸದ್ದು ಕೇಳುವುದಿಲ್ಲ. ಕೆಳಗೆ, ಹಡಗಿನ ಹಿಂಭಾಗದಲ್ಲಿ ನಿಂತರೆ, ಪ್ರೊಪೆಲ್ಲರುಗಳು ಕಡೆದು ಬಿಟ್ಟ ನೀರು ಮೊದಲು ಬಿಳಿಯ ನೊರೆಯಾಗಿ ಉಕ್ಕಿ, ನಂತರ ತಿಳಿಹಸಿರಿಗೆ ತಿರುಗಿ, ಬಹು ದೂರದವರೆಗೆ ನುಣುಪಾದ ಒಂದು ಪಟ್ಟಿಯಾಗಿ ಉಳಿಯುವುದು ಕಾಣುತ್ತದೆ. ದಡದಿಂದ ನೋಡುವಾಗ ಸಮುದ್ರಕ್ಕೆ ಒಂದೇ ಬಣ್ಣವಿದ್ದಂತೆ ತೋರುತ್ತದೆ. ಆಳ, ಮೋಡ, ಗಾಳಿಯ ದಿಕ್ಕು ಬದಲಾದಂತೆ ಒಂದೇ ಮಧ್ಯಾಹ್ನದಲ್ಲಿ ಅದು ಎಷ್ಟು ಬಣ್ಣ ತಾಳುತ್ತದೆ ಎಂಬುದು ಹಡಗಿನಲ್ಲಿ ಕೂತವರಿಗಷ್ಟೇ ಅರಿವಾಗುತ್ತದೆ. ರಾತ್ರಿ ಹಡಗಿನ ದೀಪಗಳಿಂದ ಮರೆಯಾದ ಜಾಗ ಸಿಕ್ಕರೆ ನಕ್ಷತ್ರಗಳೂ ಹಾಗೆಯೇ.

ಬೆಳಗಿನ ಜಾವ ಬಂದರು ಸಮೀಪಿಸುವಾಗ ನಡೆಯುವ ಒಂದು ಕೆಲಸವನ್ನು ನೋಡಲೆಂದೇ ನಾನು ಬೇಗ ಏಳುತ್ತೇನೆ. ಪ್ರತಿ ಬಂದರಿನ ಒಳದಾರಿಯನ್ನು ಬಲ್ಲ ಸ್ಥಳೀಯ ಪೈಲಟ್ ಒಬ್ಬರು ಹಡಗಿಗೆ ಬರಬೇಕು. ಆಳವೆಲ್ಲಿ, ಮರಳುದಿಬ್ಬವೆಲ್ಲಿ, ಸೆಳೆತ ಯಾವ ಕಡೆಗೆ ಎಂಬುದನ್ನು ಕ್ಯಾಪ್ಟನ್‌ಗೆ ತಿಳಿಸಿ ದಾರಿ ತೋರಿಸುವವರು ಅವರು. ಮಬ್ಬುಗತ್ತಲಲ್ಲಿ ಪುಟ್ಟ ದೋಣಿಯೊಂದು ಅಲೆಗಳ ಮೇಲೆ ಕುಪ್ಪಳಿಸುತ್ತಾ ನಮ್ಮತ್ತ ಬರುತ್ತದೆ. ಹಡಗು ವೇಗ ತಗ್ಗಿಸುತ್ತದೆ, ಪೂರ್ತಿ ನಿಲ್ಲುವುದಿಲ್ಲ. ನೀರಿನ ಮಟ್ಟಕ್ಕೆ ಹತ್ತಿರದಲ್ಲಿ ಹಡಗಿನ ಪಕ್ಕದ ಬಾಗಿಲೊಂದು ತೆರೆದು, ಮರದ ಮೆಟ್ಟಿಲುಗಳ ಹಗ್ಗದ ಏಣಿ ಇಳಿಬೀಳುತ್ತದೆ. ದೋಣಿ ಹಡಗಿಗೆ ಒತ್ತಿಕೊಂಡು ಅದೇ ವೇಗದಲ್ಲಿ ಓಡುತ್ತಿರುವಾಗ, ಪೈಲಟ್ ಕಟಕಟೆ ಹಿಡಿದು ನಿಂತು, ಒಂದೆರಡು ಅಲೆಗಳನ್ನು ಹಾಗೆಯೇ ಹೋಗಲು ಬಿಟ್ಟು, ದೋಣಿ ಮೇಲೇರಿದ ಕ್ಷಣ ನೋಡಿ ಏಣಿಗೆ ಕಾಲಿಡುತ್ತಾರೆ. ಮರುಕ್ಷಣವೇ ದೋಣಿ ಕೆಳಗೆ ಕುಸಿದು ಪಕ್ಕಕ್ಕೆ ಸರಿಯುತ್ತದೆ. ಸಾವಿರಾರು ಜನ ನಿದ್ದೆಯಲ್ಲಿರುವ ಹೊತ್ತಿನಲ್ಲಿ ಅವರ ಸುರಕ್ಷತೆ ಹೀಗೆ ಏಣಿ ಹತ್ತಿ ಬರುವುದನ್ನು ಕಂಡಾಗ, ಈ ತೇಲುವ ಹೋಟೆಲಿನ ಅಡಿಯಲ್ಲಿ ಹಳೆಯ ನಾವಿಕ ವಿದ್ಯೆ ಇನ್ನೂ ಜೀವಂತವಾಗಿದೆ ಎಂಬ ಗೌರವ ಮೂಡುತ್ತದೆ.

ಕಡಲು ಎಲ್ಲರಿಗೂ ಒಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು. ಒಳಗಿವಿ ದೇಹ ಓಲಾಡುತ್ತಿದೆ ಎನ್ನುತ್ತದೆ, ಕಣ್ಣಿನ ಮುಂದಿನ ಗೋಡೆ ಎಲ್ಲವೂ ಸ್ಥಿರವಾಗಿದೆ ಎನ್ನುತ್ತದೆ; ಮಿದುಳಿಗೆ ತಲುಪುವ ಈ ಎರಡು ಸುದ್ದಿಗಳ ನಡುವಿನ ಘರ್ಷಣೆಯೇ ವಾಕರಿಕೆಯಾಗುತ್ತದೆ. ಕ್ಯಾಬಿನ್ನಿನಲ್ಲಿ ಮುದುಡಿ ಮಲಗುವುದಕ್ಕಿಂತ ಹೊರಗೆ ಬಂದು ದಿಗಂತವನ್ನೇ ದಿಟ್ಟಿಸಿದರೆ ಪರಿಹಾರ ಬೇಗ ಸಿಗುವುದು ಇದೇ ಕಾರಣಕ್ಕೆ. ದೊಡ್ಡ ಹಡಗುಗಳ ಎರಡೂ ಮಗ್ಗುಲಲ್ಲಿ ನೀರಿನಡಿ ಚಾಚಿಕೊಳ್ಳುವ ರೆಕ್ಕೆಗಳಿರುತ್ತವೆ. ಅವು ಅಕ್ಕಪಕ್ಕದ ಓಲಾಟವನ್ನು ಬಹಳಷ್ಟು ತಗ್ಗಿಸುತ್ತವೆ, ಆದರೆ ಮುಂಭಾಗ ಏರಿ ಇಳಿಯುವುದನ್ನು ಅಷ್ಟಾಗಿ ತಡೆಯಲಾರವು. ಆದ್ದರಿಂದ ತಲೆಸುತ್ತಿನ ಭಯವಿರುವವರು ಹಡಗಿನ ಉದ್ದದ ಮಧ್ಯಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ಕ್ಯಾಬಿನ್ ಹಿಡಿಯಬೇಕು. ಅತಿ ಎತ್ತರದ, ಅತಿ ಮುಂದಿನ ಕೋಣೆಗಳಿಂದ ನೋಟ ಚೆನ್ನಾಗಿರುತ್ತದೆ, ಕುಲುಕಾಟವೂ ಅಲ್ಲೇ ಹೆಚ್ಚು. ಮಾತ್ರೆ ತೆಗೆದುಕೊಳ್ಳುವುದಾದರೆ ವೈದ್ಯರನ್ನು ಮೊದಲೇ ಕೇಳಿ, ವಾಕರಿಕೆ ಶುರುವಾಗುವ ಮುಂಚೆ ತೆಗೆದುಕೊಳ್ಳುವುದು ಒಳ್ಳೆಯದು.

ಇನ್ನು ಬಂದರುಗಳ ವಿಚಾರ. ನನ್ನ ಅಸಮಾಧಾನವೆಲ್ಲ ಇಲ್ಲಿದೆ. ಪ್ರಯಾಣಪಟ್ಟಿಯಲ್ಲಿ ‘ರೋಮ್’ ಎಂದು ಅಚ್ಚಾಗಿರುತ್ತದೆ. ಹಡಗು ನಿಲ್ಲುವುದು ಚಿವಿತಾವೆಕ್ಕಿಯಾ ಬಂದರಿನಲ್ಲಿ, ರೋಮ್ ಅಲ್ಲಿಂದ ಸುಮಾರು 70 ಕಿಲೋಮೀಟರ್ ದೂರ. ‘ಪ್ಯಾರಿಸ್’ ಎಂದಿದ್ದರೆ ಇಳಿಯಬೇಕಾದದ್ದು ಸುಮಾರು 200 ಕಿಲೋಮೀಟರ್ ಆಚೆಯ ಲ ಹಾವ್ರ್ ಬಂದರಿನಲ್ಲಿ. ‘ಫ್ಲಾರೆನ್ಸ್’ ಎಂದರೆ ಲಿವೋರ್ನೊ. ಬೆಳಿಗ್ಗೆ ಇಳಿಯುವ ಸಾಲು, ಬಸ್ಸಿನಲ್ಲಿ ಹೋಗುವ ಹೊತ್ತು, ಬರುವ ಹೊತ್ತು, ಹೊರಡುವ ಮುನ್ನ ಎಲ್ಲರೂ ಹಡಗಿನೊಳಗಿರಬೇಕಾದ ಗಡುವು, ಇವನ್ನೆಲ್ಲ ಕಳೆದರೆ ಎರಡು ಸಾವಿರ ವರ್ಷಕ್ಕೂ ಹೆಚ್ಚಿನ ಇತಿಹಾಸವಿರುವ ನಗರಕ್ಕೆ ಉಳಿಯುವುದು ನಾಲ್ಕೈದು ಗಂಟೆ. ಅಷ್ಟರಲ್ಲಿ ಊರನ್ನು ನೋಡಿದೆವು ಎನ್ನುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ದೊಡ್ಡ ಹಡಗು ಕಟ್ಟೆಗೆ ಬರಲಾಗದ ಕಡೆಗಳಲ್ಲಿ ಲಂಗರು ಹಾಕಿ, ಟೆಂಡರ್ ಎಂಬ ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಸಾಗಿಸುತ್ತಾರೆ. ಗ್ರೀಸಿನ ಸ್ಯಾಂಟೊರಿನಿ ಇದಕ್ಕೆ ಹೆಸರುವಾಸಿ. ದೋಣಿಯಿಂದ ಇಳಿದರೆ ಎದುರಿಗೆ ಜ್ವಾಲಾಮುಖಿಯ ಕಡಿದಾದ ಗೋಡೆ. ಮೇಲಿನ ಫಿರಾ ಊರನ್ನು ತಲುಪಲು ಕೇಬಲ್ ಕಾರ್ ಹತ್ತಬೇಕು, ಇಲ್ಲವೇ 500ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ನಡೆದೇ ಏರಬೇಕು, ಇಲ್ಲವೇ ಕತ್ತೆಯ ಬೆನ್ನೇರಬೇಕು. ಬಿಸಿಲಲ್ಲಿ ಭಾರ ಹೊತ್ತು ಏರುವ ಆ ಪ್ರಾಣಿಗಳ ಸ್ಥಿತಿ ಕಂಡವರು ಮೂರನೆಯದನ್ನು ಆರಿಸಲಾರರು. ಮೂರ್ನಾಲ್ಕು ಹಡಗುಗಳು ಒಂದೇ ದಿನ ಬಂದರಂತೂ ಕೇಬಲ್ ಕಾರ್‌ನ ಸಾಲಿನಲ್ಲೇ ಅರ್ಧ ದಿನ ಕರಗುತ್ತದೆ. ಗಾಳಿ ಜೋರಾಗಿದ್ದರೆ ದೋಣಿಗಳನ್ನು ಇಳಿಸುವುದೇ ಇಲ್ಲ. ಆ ಊರು ರದ್ದು. ಹಾಗೆ ಬಂದರನ್ನು ಕೈಬಿಡುವ ಅಧಿಕಾರ ಕ್ಯಾಪ್ಟನ್‌ಗೆ ಇದೆಯೆಂದು ಟಿಕೆಟ್ಟಿನ ಷರತ್ತುಗಳಲ್ಲೇ ಬರೆದಿರುತ್ತದೆ, ಮತ್ತು ಸಾಮಾನ್ಯವಾಗಿ ವಾಪಸು ಸಿಗುವುದು ಆ ಬಂದರಿನ ಶುಲ್ಕ ಮಾತ್ರ. ಒಂದು ನಿರ್ದಿಷ್ಟ ಊರಿನ ಮೇಲೆ ಬಹುದಿನಗಳ ಆಸೆ ಇಟ್ಟುಕೊಂಡವರು ಆ ಊರಿಗೆ ಹಡಗಿನಲ್ಲಿ ಹೋಗಬಾರದು ಎಂದು ನಾನು ಒತ್ತಿ ಹೇಳುವುದು ಇದರಿಂದಲೇ.

ಇಳಿದ ಮೇಲೆ ಗಡಿಯಾರದ ಬಗ್ಗೆ ಎಚ್ಚರವಿರಬೇಕು. ಹಡಗಿನ ಸಮಯವೂ ಊರಿನ ಸಮಯವೂ ಬೇರೆಯಾಗಿರಬಹುದು. ಕೈಯಲ್ಲಿರುವ ಫೋನು ತಾನಾಗಿಯೇ ಊರಿನ ಸಮಯಕ್ಕೆ ಬದಲಾಗುತ್ತದೆ, ಹಡಗು ತನ್ನ ಸಮಯಕ್ಕೇ ಹೊರಡುತ್ತದೆ. ಹಡಗಿನವರೇ ಏರ್ಪಡಿಸಿದ ಪ್ರವಾಸದ ಬಸ್ಸು ತಡವಾದರೆ ಸಾಮಾನ್ಯವಾಗಿ ಕಾಯುತ್ತಾರೆ, ಸ್ವಂತವಾಗಿ ತಿರುಗಾಡಲು ಹೋದವರಿಗೆ ಕಾಯುವುದಿಲ್ಲ. ಸ್ವಂತವಾಗಿ ತಿರುಗುವುದು ಅಗ್ಗ, ಸ್ವತಂತ್ರ. ಆದರೆ ದೂರ ಹೋಗುವ ದಿನಗಳಲ್ಲಿ ಹಡಗಿನವರ ಬಸ್ಸೇ ಕ್ಷೇಮ.

ಸಾವಿರಾರು ಜನ ಒಂದೇ ಹೊತ್ತಿಗೆ ಇಳಿದು, ನಾಲ್ಕು ಗಂಟೆ ತುಂಬಿ ತುಳುಕಿ, ಊಟಕ್ಕೂ ರಾತ್ರಿಯ ವಾಸಕ್ಕೂ ಹಡಗಿಗೇ ಮರಳುವ ಈ ಪದ್ಧತಿಯಿಂದ ಊರಿನವರಿಗೆ ಸಿಗುವುದು ಕಡಿಮೆ, ಹೊರೆ ಹೆಚ್ಚು. 2021ರ ಆಗಸ್ಟ್ 1ರಿಂದ ವೆನಿಸ್ ನಗರದ ಜುದೆಕ್ಕಾ ಕಾಲುವೆಯಲ್ಲಿ ದೊಡ್ಡ ಹಡಗುಗಳಿಗೆ ಪ್ರವೇಶವಿಲ್ಲ. ಅಲಾಸ್ಕಾದ ಜೂನೋ ಪಟ್ಟಣ ದಿನಕ್ಕೆ ಐದು ದೊಡ್ಡ ಹಡಗುಗಳಿಗಿಂತ ಹೆಚ್ಚು ಬೇಡವೆಂದು ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಂಡಿದೆ. ಹಡಗಿನ ಪ್ರಯಾಣವನ್ನು ಪ್ರೀತಿಸುವ ನಾನೂ ಈ ಊರುಗಳ ಪರವಾಗಿಯೇ ಇದ್ದೇನೆ. ಹೊಗೆಯ ಮಾತೂ ಇದಕ್ಕೆ ಸೇರಿದ್ದೇ. 2020ರಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿಯನ್ನು ಶೇ. 3.5ರಿಂದ ಶೇ. 0.5ಕ್ಕೆ ಇಳಿಸಿರುವುದು ದೊಡ್ಡ ಹೆಜ್ಜೆ, ಆದರೆ ಬಂದರಿನಲ್ಲಿ ನಿಂತಾಗಲೂ ದೀಪ, ಹವಾನಿಯಂತ್ರಣಗಳಿಗಾಗಿ ಎಂಜಿನ್ ಉರಿಸುತ್ತಲೇ ಇರುವ ಹಡಗುಗಳು ಇನ್ನೂ ಎಷ್ಟೋ ಇವೆ. ದಡದಿಂದಲೇ ವಿದ್ಯುತ್ ಪಡೆಯುವ ವ್ಯವಸ್ಥೆ ಇರುವ ಹಡಗುಗಳನ್ನು ಕೇಳಿ ಆರಿಸಿಕೊಳ್ಳುವುದು ಪ್ರಯಾಣಿಕರ ಕೈಯಲ್ಲಿದೆ.

ಹಣದ ಲೆಕ್ಕದಲ್ಲಿ ಮೊದಲು ಕಾಣುವ ದರವನ್ನು ನಂಬಬಾರದು. ಅದರಲ್ಲಿ ಕೋಣೆ, ಮುಖ್ಯ ಊಟದ ಕೋಣೆ, ಬುಫೆ, ಮನರಂಜನೆ ಸೇರಿರುತ್ತವೆ. ಪ್ರತಿಯೊಬ್ಬರಿಗೂ ದಿನಕ್ಕಿಷ್ಟು ಎಂದು ಸೇರುವ ಟಿಪ್ಸ್, ಮದ್ಯ ಮತ್ತು ತಂಪು ಪಾನೀಯಗಳು, ವೈ-ಫೈ, ವಿಶೇಷ ರೆಸ್ಟೋರೆಂಟುಗಳು, ಫೋಟೋಗಳು, ದಡದ ಪ್ರವಾಸಗಳು ಬಹುತೇಕ ಹೊರಗಿರುತ್ತವೆ. ಕೋಣೆಯ ದರ ಇಬ್ಬರ ಲೆಕ್ಕದಲ್ಲಿರುವುದರಿಂದ ಒಂಟಿಯಾಗಿ ಹೋಗುವವರು ಹಲವು ಬಾರಿ ಇಬ್ಬರ ಹಣವನ್ನೇ ಕೊಡಬೇಕಾಗುತ್ತದೆ. ಇದು ನನಗೆ ಅನ್ಯಾಯವೆಂದೇ ತೋರುತ್ತದೆ, ಒಬ್ಬರಿಗೆಂದೇ ಕಟ್ಟಿದ ಕ್ಯಾಬಿನ್‌ಗಳಿರುವ ಹಡಗುಗಳು ಇನ್ನಷ್ಟು ಬರಬೇಕು. ಬಾಲ್ಕನಿಗೆ ಹೆಚ್ಚು ಹಣ ಸುರಿಯುವ ಅಗತ್ಯವಿಲ್ಲ, ಕಿಟಕಿಯಿಲ್ಲದ ಒಳಕೋಣೆಯಲ್ಲಿ ಮಲಗಿ ಹಗಲೆಲ್ಲ ಡೆಕ್ಕಿನಲ್ಲಿ ಕಳೆದರೆ ಸಮುದ್ರವೇನೂ ಕಡಿಮೆಯಾಗುವುದಿಲ್ಲ. ಉಳಿಸಬಾರದ್ದು ಎರಡು ಕಡೆ: ಹಡಗು ಹೊರಡುವ ಊರಿಗೆ ಒಂದು ದಿನ ಮೊದಲೇ ತಲುಪುವ ಖರ್ಚು, ಮತ್ತು ತುರ್ತು ಸ್ಥಳಾಂತರವೂ ಸೇರಿದ ಆರೋಗ್ಯ ವಿಮೆ. ಹಡಗಿನಲ್ಲಿ ವೈದ್ಯರಿರುತ್ತಾರೆ, ಆದರೆ ಅವರ ಶುಲ್ಕ ಪ್ರತ್ಯೇಕ, ಸೌಲಭ್ಯಗಳಿಗೂ ಮಿತಿಯಿದೆ. ಗಂಭೀರವಾದರೆ ಹೆಲಿಕಾಪ್ಟರ್ ಬರಬೇಕಾಗಬಹುದು. ವೀಸಾ ಬೇಕಾದವರು ಇನ್ನೊಂದನ್ನು ಗಮನಿಸಬೇಕು: ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ಗುಂಪಿನ ದೇಶದಲ್ಲಿ ಹೊರಟು, ಟರ್ಕಿಯಂಥ ಹೊರಗಿನ ದೇಶವನ್ನು ಮುಟ್ಟಿ ಮರಳುವ ಮಾರ್ಗವಾದರೆ ಒಂದೇ ಪ್ರವೇಶದ ವೀಸಾ ಸಾಲದು.

ಕಾಯಿಲೆಯ ಭಯದ ಬಗ್ಗೆಯೂ ಕೇಳುತ್ತಾರೆ. 2020ರ ಫೆಬ್ರುವರಿಯಲ್ಲಿ ಯೊಕೊಹಾಮಾ ಬಂದರಿನಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಹಡಗಿನ 3,711 ಜನರಲ್ಲಿ 700ಕ್ಕೂ ಹೆಚ್ಚು ಮಂದಿಗೆ ಕೋವಿಡ್ ತಗುಲಿದ್ದು ಎಲ್ಲರ ನೆನಪಿನಲ್ಲಿದೆ. ಸಾಮಾನ್ಯ ದಿನಗಳಲ್ಲಿ ಕಾಡುವುದು ವಾಂತಿಭೇದಿ ತರುವ ನೊರೊವೈರಸ್. ಊಟದ ಕೋಣೆಯ ಬಾಗಿಲಲ್ಲಿ ಕೈಗೆ ಸ್ಯಾನಿಟೈಸರ್ ಹಾಕುತ್ತಾರೆ, ಆದರೆ ಈ ವೈರಸ್ಸಿನ ಮೇಲೆ ಆಲ್ಕೋಹಾಲ್ ದ್ರವದ ಪ್ರಭಾವ ಸಾಲದು. ಸೋಪು ಮತ್ತು ನೀರಿನಿಂದ ಕೈ ತೊಳೆಯುವುದೇ ಮದ್ದು. ಸುರಕ್ಷತೆಯ ವಿಷಯದಲ್ಲಿ, 2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೊ ದ್ವೀಪದ ಬಳಿ ‘ಕೋಸ್ಟಾ ಕಾಂಕೋರ್ಡಿಯಾ’ ಬಂಡೆಗೆ ಬಡಿದು ವಾಲಿದಾಗ 32 ಜನ ಸತ್ತರು. ಅಂದು ಹಡಗು ಹತ್ತಿದ್ದ ಎಷ್ಟೋ ಮಂದಿಗೆ ಸುರಕ್ಷತಾ ತರಬೇತಿ ಇನ್ನೂ ಆಗಿರಲಿಲ್ಲ, ಏಕೆಂದರೆ 24 ಗಂಟೆಯೊಳಗೆ ಮಾಡಿದರೆ ಸಾಕೆಂಬ ನಿಯಮವಿತ್ತು. ಈಗ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಅದು ಕಡ್ಡಾಯ. ಲೈಫ್ ಜಾಕೆಟ್ ಕಟ್ಟಿಕೊಳ್ಳುವ ಬಗೆ, ತಮ್ಮ ಕೋಣೆಯಿಂದ ಸೇರುವ ಜಾಗಕ್ಕೆ ಹೋಗುವ ದಾರಿ, ಇವೆರಡನ್ನು ಮಕ್ಕಳಿಗೂ ಒಮ್ಮೆ ನಡೆಸಿ ತೋರಿಸಬೇಕು.

ಹಡಗಿನ ಸುಖದ ಹಿಂದಿರುವ ಜನರ ಬಗ್ಗೆ ಹೇಳದೆ ಮುಂದುವರಿಯಲಾರೆ. ಕೋಣೆ ಶುಚಿಗೊಳಿಸುವವರು, ಬಡಿಸುವವರು, ಅಡುಗೆಯವರು ಆರರಿಂದ ಒಂಬತ್ತು ತಿಂಗಳ ಒಪ್ಪಂದದ ಮೇಲೆ, ವಾರದ ರಜೆಯಿಲ್ಲದೆ ದುಡಿಯುತ್ತಾರೆ. ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಡಂಬಡಿಕೆಯಂತೆ ಅವರಿಗೆ ದಿನಕ್ಕೆ ಕನಿಷ್ಠ 10 ಗಂಟೆಗಳ ವಿಶ್ರಾಂತಿ ಸಿಗಬೇಕು. ಎಂದರೆ 14 ಗಂಟೆಗಳ ದುಡಿಮೆಗೂ ಅವಕಾಶವಿದೆ ಎಂದಾಯಿತು. ನಾವು ಮೇಲೆ ಸೂರ್ಯಾಸ್ತ ನೋಡುವಾಗ ನೀರಿನ ಮಟ್ಟದ ಕಿಟಕಿಯಿಲ್ಲದ ಕೋಣೆಗಳಲ್ಲಿ ಅವರು ಸರದಿಯ ಮೇಲೆ ಮಲಗಿ ಏಳುತ್ತಿರುತ್ತಾರೆ. ಬಿಲ್ಲಿನಲ್ಲಿ ಸೇರುವ ಟಿಪ್ಸ್ ಅನ್ನು ಕೌಂಟರಿಗೆ ಹೋಗಿ ತೆಗೆಸಿಹಾಕುವ ಸಲಹೆಯನ್ನು ಕೆಲವರು ಜಾಣತನವೆಂದು ಹಂಚಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೋಣೆ ನೋಡಿಕೊಳ್ಳುವವರ ಹೆಸರನ್ನು ಮೊದಲ ದಿನವೇ ಕೇಳಿ ತಿಳಿದುಕೊಂಡು, ಹೆಸರು ಹಿಡಿದೇ ಮಾತನಾಡಿಸಿ. ಇಳಿಯುವಾಗ ತುಂಬಿಸುವ ಅಭಿಪ್ರಾಯ ಪತ್ರದಲ್ಲಿ ಆ ಹೆಸರು ಬರೆಯಿರಿ.

ಹಾಗಾದರೆ ಯಾವ ಕ್ರೂಸ್ ಆರಿಸಿಕೊಳ್ಳಬೇಕು? ಸಾಗುವ ದಾರಿಯೇ ನೋಡುವಂತಿರುವ ಮಾರ್ಗಗಳನ್ನು ನಾನು ಸೂಚಿಸುತ್ತೇನೆ. ನಾರ್ವೆಯ ಕರಾವಳಿಯಲ್ಲಿ ಹಡಗು ಬೆಟ್ಟಗಳ ನಡುವಿನ ಇಕ್ಕಟ್ಟಾದ ಫ್ಯೋರ್ಡ್‌ಗಳೆಂಬ ಕಡಲ ಚಾಚುಗಳೊಳಗೆ ನುಸುಳುತ್ತದೆ. ಅಲಾಸ್ಕಾದ ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದಲ್ಲಿ ದಿನಕ್ಕೆ ಎರಡು ಕ್ರೂಸ್ ಹಡಗುಗಳಿಗಷ್ಟೇ ಅನುಮತಿ. ಅಲ್ಲಿ ಯಾರೂ ಇಳಿಯುವುದಿಲ್ಲ, ಹಿಮನದಿಯ ಎದುರು ಹಡಗು ನಿಧಾನವಾಗಿ ತಿರುಗುತ್ತದೆ, ಅಷ್ಟೇ. ಪನಾಮ ಕಾಲುವೆಯಲ್ಲಿ ಲಾಕ್‌ಗಳೆಂಬ ಬಾಗಿಲುಳ್ಳ ತೊಟ್ಟಿಗಳೊಳಗೆ ನೀರು ತುಂಬಿ ಹಡಗನ್ನು 26 ಮೀಟರ್ ಮೇಲೆತ್ತಿ, ಸುಮಾರು 80 ಕಿಲೋಮೀಟರ್ ಸಾಗಿಸಿ, ಮತ್ತೆ ಇಳಿಸಿ ಇನ್ನೊಂದು ಸಾಗರಕ್ಕೆ ಬಿಡುವುದನ್ನು ನೋಡುತ್ತಾ ಒಂದು ಹಗಲು ಹೇಗೆ ಹೋಯಿತೆಂದು ತಿಳಿಯುವುದಿಲ್ಲ.

ಇವೆಲ್ಲಕ್ಕಿಂತ ಅಗ್ಗದಲ್ಲಿ ಹೆಚ್ಚು ಕಡಲು ಬೇಕಾದವರು, ಋತು ಬದಲಾಗುವಾಗ ಹಡಗುಗಳು ಒಂದು ಸಮುದ್ರದಿಂದ ಇನ್ನೊಂದಕ್ಕೆ ನೆಲೆ ಬದಲಿಸುವ ಒಮ್ಮುಖ ಯಾನಗಳನ್ನು ಗಮನಿಸಬೇಕು. ವಸಂತದಲ್ಲಿ ಅವು ಕೆರಿಬಿಯನ್ನಿಂದ ಯುರೋಪಿಗೆ, ಶರತ್ಕಾಲದಲ್ಲಿ ಯುರೋಪಿನಿಂದ ಕೆರಿಬಿಯನ್ನಿಗೆ ಅಟ್ಲಾಂಟಿಕ್ ದಾಟುತ್ತವೆ. ಬಂದರುಗಳು ಕಡಿಮೆ ಇರುವುದರಿಂದ ಜನ ಮುಗಿಬೀಳುವುದಿಲ್ಲ, ದಿನದ ಲೆಕ್ಕದಲ್ಲಿ ದರವೂ ಹೆಚ್ಚಾಗಿ ಇಳಿದಿರುತ್ತದೆ. ಎರಡರಲ್ಲಿ ಪಶ್ಚಿಮಕ್ಕೆ ಹೋಗುವುದನ್ನೇ ಆರಿಸಿ. ದಾರಿಯಲ್ಲಿ ಹಲವು ರಾತ್ರಿ ಗಡಿಯಾರವನ್ನು ಒಂದು ಗಂಟೆ ಹಿಂದಿಡುವುದರಿಂದ ನಿದ್ದೆಗೆ ಅಷ್ಟು ಹೊತ್ತು ಹೆಚ್ಚು ಸಿಗುತ್ತದೆ, ಪೂರ್ವಕ್ಕೆ ಹೋದರೆ ಅದೇ ಗಂಟೆಗಳನ್ನು ಕಳೆದುಕೊಳ್ಳಬೇಕು. ಉತ್ತರ ಅಟ್ಲಾಂಟಿಕ್ ಶರತ್ಕಾಲದಲ್ಲಿ ಒರಟಾಗಿರುತ್ತದೆ, ಆದ್ದರಿಂದ ಕ್ಯಾನರಿ ದ್ವೀಪಗಳ ಕಡೆಯಿಂದ ದಕ್ಷಿಣದ ದಾರಿ ಹಿಡಿಯುವ ಹಡಗನ್ನು ನೋಡಿ. ಹಿಂದಿರುಗುವ ವಿಮಾನದ ಟಿಕೆಟ್ ಬೇರೆಯೇ ಕೊಳ್ಳಬೇಕಾಗುತ್ತದೆ. ಹಡಗಿನ ದರ ಎಷ್ಟೇ ಆಕರ್ಷಕವಾಗಿ ಕಂಡರೂ ಅದನ್ನು ಮೊದಲು ವಿಚಾರಿಸಿಕೊಂಡೇ ಮುಂಗಡ ಕಟ್ಟಿ.